ಗಾಡಿ ಯಾರದ್ದು ಅಂತ ಕೇಳಬೇಡಿ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟಿದ್ದೆ. ಮಾರುವ ಮನುಷ್ಯ ತಾನೇ ಗಾಡಿ ನಂಬರು ಕಳಿಸಿ, ಬರೋ ಮುಂಚೆ ಇದರ ಎಮ್‌ಒಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಗಾಡಿಯ ತಪಾಸಣೆ) ಹಿಸ್ಟರಿ ಓದಿಕೊಂಡು ಬನ್ನಿ, ಸುಮ್ಮನೆ ಇಬ್ಬರ ಟೈಮೂ ಹಾಳಾಗೋದು ಬೇಡ ಅಂದ. ಮಾರುವವನೇ ಹೀಗೆ ಹೇಳೋದು ಉಂಟೇ!

ಸರ್ಕಾರದ ವೆಬ್‌ಸೈಟಿನಲ್ಲಿ ನಂಬರು ಹಾಕಿದೆ. ಲಾಗಿನ್ ಇಲ್ಲ, ಒಟಿಪಿ ಇಲ್ಲ, ಫೀಸಿಲ್ಲ. ಆ ಪುಟ್ಟ ಹ್ಯಾಚ್‌ಬ್ಯಾಕಿನ ಬಾಳೆಲ್ಲ ತೆರೆದುಕೊಂಡಿತು. 2017ರಲ್ಲಿ ಪಾಸು, ಜೊತೆಗೊಂದು ಎಚ್ಚರಿಕೆ: ಬ್ರೇಕ್ ಪೈಪಿಗೆ ಸ್ವಲ್ಪ ತುಕ್ಕು. 2018ರಲ್ಲೂ ಅದೇ ಮಾತು. 2019ರಲ್ಲಿ ಫೇಲು, ಪೈಪನ್ನು ತುಕ್ಕು ತಿಂದುಹಾಕಿದೆ. ಎರಡು ದಿನ ಬಿಟ್ಟು ಪಾಸು. 2021ರಲ್ಲಿ ಎಡಗಡೆ ಮುಂದಿನ ಕಾಯಿಲ್ ಸ್ಪ್ರಿಂಗ್ ಮುರಿದಿದೆ, ನಂಬರ್ ಪ್ಲೇಟಿನ ಲೈಟು ಉರಿಯುತ್ತಿಲ್ಲ. ಆಮೇಲೆ ಲೋಯರ್ ಆರ್ಮ್ ಬುಷ್ ಸವೆದಿದೆ. ಪ್ರತಿ ಟೆಸ್ಟಿನ ಜೊತೆ ಅವತ್ತು ಮೀಟರಿನಲ್ಲಿದ್ದ ಮೈಲಿ. ಓದುತ್ತಾ ಓದುತ್ತಾ ಮಾಲೀಕನ ಗುಣವೂ ಗೊತ್ತಾಯಿತು: ಬರೆದು ಕೊಟ್ಟರೂ ಫೇಲಾಗುವ ತನಕ ಜೇಬಿಗೆ ಕೈಹಾಕದ ಆಸಾಮಿ.

ಈ ಎಮ್‌ಒಟಿ ಹೊಸದೇನಲ್ಲ. 1960ರಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಇಲ್ಲಿನ ಸಾರಿಗೆ ಮಂತ್ರಿಯಾಗಿದ್ದಾಗ, ಹತ್ತು ವರ್ಷ ದಾಟಿದ ಗಾಡಿಗಳ ಬ್ರೇಕು, ಲೈಟು, ಸ್ಟೇರಿಂಗ್ ನೋಡಲು ಶುರುವಾದದ್ದು. ಈಗ ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ವರ್ಷಕ್ಕೊಮ್ಮೆ ಕಡ್ಡಾಯ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಫೇಲು. ಡ್ರೈವರ್ ಕಣ್ಣೆದುರಿನ ಗಾಜಿನಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಚಕ್ಕೆ ಎದ್ದಿದ್ದರೂ ಫೇಲು. 2018ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಡೇಂಜರಸ್ ಅಂತ ಬರೆದರೋ, ರಿಪೇರಿಯಾಗದೆ ಆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಹಾಗಂತ ಎಷ್ಟೋ ಫೇಲುಗಳೇನೂ ಘನಂದಾರಿ ಕಾರಣಕ್ಕಲ್ಲ. ಉರಿಯದ ಬಲ್ಬು, ಸವೆದ ಟೈರು, ಹರಿದ ವೈಪರು. ಮಾಲೀಕ ಮನೆಮುಂದೆ ಒಂದು ಸುತ್ತು ಬಂದಿದ್ದರೆ ಕಣ್ಣಿಗೆ ಬೀಳುತ್ತಿದ್ದಂಥವು.

ಅದೇ ತಿಂಗಳು ಹಾಸನದಲ್ಲಿ ನನ್ನ ಬಾಮೈದನೂ ಹಳೇ ಹ್ಯಾಚ್‌ಬ್ಯಾಕ್ ಹುಡುಕುತ್ತಿದ್ದ. ಗಾಡಿ ಹೇಗಿದೆಯೋ ಅಂತ ಫೋನಿನಲ್ಲಿ ಕೇಳಿದರೆ, "ನಮ್ಮ ಮೇಷ್ಟ್ರ ಷಡ್ಡಕರದ್ದು ಭಾವ, ಸಿಂಗಲ್ ಓನರ್, ಭಾನುವಾರ ಬಿಟ್ಟು ತೆಗೆದೇ ಇಲ್ಲ" ಅಂದ. ನಾನು ಕೇಳಿದ್ದು ಗಾಡಿ, ಅವನು ಹೇಳಿದ್ದು ಮೇಷ್ಟ್ರು. ಮೀಟರು ನಲವತ್ತೊಂದು ಸಾವಿರ ತೋರಿಸುತ್ತಿದೆಯಂತೆ. ವಿಡಿಯೋ ಕಾಲಿನಲ್ಲಿ ಬ್ರೇಕ್ ಪೆಡಲ್ ತೋರಿಸು ಅಂದೆ. ರಬ್ಬರಿನ ಗೆರೆಗಳೆಲ್ಲ ಅಳಿಸಿಹೋಗಿ ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಭಾನುವಾರ ಮಾತ್ರ ತುಳಿದ ಪೆಡಲ್ಲು! ಹಾಗಂತ ಬಾಯಿಬಿಟ್ಟರೆ ಮೇಷ್ಟ್ರಿಗೆ ಬೇಜಾರಾಗುತ್ತದಂತೆ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ತುಂಬಿ ಆರ್‌ಸಿ ರಿನ್ಯೂವಲ್ಲಿಗೆ ಬರುವ ತನಕ ಬ್ರೇಕು, ಟೈರು ಯಾರೂ ಕೇಳುವುದಿಲ್ಲ. ಎಮಿಷನ್ ಟೆಸ್ಟ್ ಒಂದು ಬಿಟ್ಟರೆ ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಬಗ್ಗುತ್ತೇವಲ್ಲ, ಅದೇ ವಾರ್ಷಿಕ ತಪಾಸಣೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅನ್ನುವುದು ಇರುವ ಲಾರಿ, ಟೆಂಪೊಗಳ ಕಥೆಯೂ ಗೊತ್ತು. ಆವತ್ತಿನ ಮಟ್ಟಿಗೆ ಪಕ್ಕದ ಮನೆಯ ಗಾಡಿಯ ಟೈರು ಹಾಕಿಕೊಂಡು ಹೋಗಿ ಬಂದವರನ್ನು ನಾನೇ ನೋಡಿದ್ದೇನೆ.

ಆಗುವುದಿಲ್ಲ ಅಂತಲ್ಲ. ಭೂಮಿ ಯೋಜನೆಯಲ್ಲಿ ಇಡೀ ರಾಜ್ಯದ ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಸರ್ಕಾರ ನಮ್ಮದು. ಯಾವ ಸರ್ವೆ ನಂಬರಿನ ಮೇಲೆ ಎಷ್ಟು ಸಾಲವಿದೆ ಅಂತ ಮನೆಯಲ್ಲೇ ಕೂತು ನೋಡುತ್ತೇವೆ. ಕಾರಿನ ವಿಷಯದಲ್ಲಿ ಎಮ್‌ಪರಿವಾಹನ್ ಆ್ಯಪ್ ತೆಗೆದರೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಎಮಿಷನ್ ಎಲ್ಲಿಯವರೆಗೆ ಇದೆ ಅನ್ನುವುದು ಬರುತ್ತದೆ. ಬ್ರೇಕಿನ ಸುದ್ದಿ ಇಲ್ಲ. ಪೆಟ್ರೋಲ್ ಬಂಕಿನ ಪಕ್ಕ ವ್ಯಾನಿನಲ್ಲಿ ಕೂತ ಎಮಿಷನ್ ಹುಡುಗ ನಂಬರ್ ಪ್ಲೇಟಿನ ಫೋಟೋ ಹೇಗೂ ಹೊಡೆಯುತ್ತಾನೆ. ಹಾಗೇ ಒಳಗೆ ಬಗ್ಗಿ ಮೀಟರಿನದ್ದೂ ಒಂದು ಹೊಡೆದು ಸೇರಿಸಲಿ, ಮೀಟರ್ ತಿರುಗಿಸುವವರ ಅರ್ಧ ವ್ಯಾಪಾರ ಬಿದ್ದುಹೋಗುತ್ತದೆ.

ಇನ್ನೊಂದನ್ನೂ ಹೇಳಲೇಬೇಕು. ಇಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟು ಮಾಡುವ ಗ್ಯಾರೇಜೇ ಹೆಚ್ಚಾಗಿ ರಿಪೇರಿಯನ್ನೂ ಮಾಡುತ್ತದೆ, ಅನುಮಾನ ಇದ್ದದ್ದೇ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಹೊಟ್ಟೆಯನ್ನು ತಿನ್ನುತ್ತದೆ. ನಮ್ಮೂರಲ್ಲಿ ವೆಲ್ಡಿಂಗ್ ಅಂಗಡಿಯವನು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಕೂಲಿ ಕೇಳಿಯೇ ಎಷ್ಟೋ ಜನ ಓಡುವ ಕಾರನ್ನು ಗುಜರಿಗೆ ಹಾಕುತ್ತಾರೆ. ಮತ್ತೆ ಎಮ್‌ಒಟಿಯಲ್ಲಿ ಕ್ಲಚ್ಚು, ಗೇರ್‌ಬಾಕ್ಸು ನೋಡುವುದೇ ಇಲ್ಲ. ವೆಬ್‌ಸೈಟ್ ನೋಡಿ ಕೊಂಡ ನನ್ನ ಕಾರಿಗೆ ಬಂದದ್ದೂ ಕ್ಲಚ್ಚೇ. ಕೊಂಡ ವರ್ಷವೇ, ಮೋಟಾರ್‌ವೇ ಹತ್ತುವ ಏರಿನಲ್ಲಿ ಎಂಜಿನ್ ಅರಚಿತು, ಗಾಡಿ ಮಾತ್ರ ಹೋಗಲಿಲ್ಲ. ಹಾಸನದಲ್ಲಿ ಬಾಮೈದ ಜೊತೆಗೆ ಕರೆದೊಯ್ದ ಮೇಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಎಂಜಿನ್ ಆಫ್ ಆಗುತ್ತದೋ (ಆದರೆ ಕ್ಲಚ್ಚು ಸರಿಯಿದೆ) ಇಲ್ಲವೋ ಅಂತ ಒಂದು ನಿಮಿಷದಲ್ಲಿ ನೋಡಿಬಿಟ್ಟನಂತೆ. ಲಿಂಕ್ ರಾಡಿನ ಸದ್ದನ್ನೂ ಅವನೇ ಹಿಡಿದ, ಅದರ ಮೇಲೆ ಆರು ಸಾವಿರ ಇಳಿಸಿದರು. ಮೇಷ್ಟ್ರಿಗೆ ಬೇಜಾರೂ ಆಗಲಿಲ್ಲವಂತೆ.

ನನ್ನ ಕ್ಲಚ್ಚಿನ ಬಿಲ್ಲು ಕೇಳಿ ಬಾಮೈದ ಅಂದದ್ದು ಇಷ್ಟೇ: "ಯಾಕೆ ಭಾವ, ಇದನ್ನ ನಿಮ್ಮ ವೆಬ್‌ಸೈಟಲ್ಲಿ ಹಾಕಿರಲಿಲ್ವಾ?"