ಗಣ ಕೂಡಿತು, ಕಪ್ಪೆ ಕೂಡಲಿಲ್ಲ

ಕನ್ನಂಬಾಡಿ ಕಟ್ಟೆಯ ನೀರು ತಳ ಕಂಡ ವರ್ಷ ನಮ್ಮ ಮಂಡ್ಯ ಸೀಮೆಯಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಒಂದು, ಬೆಂಗಳೂರು–ಮೈಸೂರು ಹೆದ್ದಾರಿಯ ನಡುವೆ ಕೂರುವುದು. ಇನ್ನೊಂದು, ಕಪ್ಪೆಗೆ ಮದುವೆ ಮಾಡುವುದು. ಮೊದಲನೆಯದಕ್ಕೆ ಪೊಲೀಸರು ಬರುತ್ತಾರೆ, ಎರಡನೆಯದಕ್ಕೆ ಟಿವಿಯವರು ಬರುತ್ತಾರೆ. ಮಳೆ ಎರಡಕ್ಕೂ ಬರುವುದಿಲ್ಲ.

ಅಂಥ ಒಂದು ಮದುವೆಗೆ ನನಗೂ ಕರೆ ಬಂದಿತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನೆಂಬ ಗೌರವಕ್ಕೆ ಅರಳಿಕಟ್ಟೆಯ ಮುಂದೆಯೇ ಕುರ್ಚಿ ಹಾಕಿದ್ದರು. ಎಡವಟ್ಟಾದದ್ದು ಅಲ್ಲೇ. ಹಿಂದೆ ಕೂತಿದ್ದರೆ ಅಕ್ಷತೆ ಹಾಕಿ ಊಟ ಮಾಡಿ ಬರುತ್ತಿದ್ದೆ. ಮುಂದೆ ಕೂತದ್ದರಿಂದ ವಧೂವರರ ಮುಖ ಕಂಡಿತು. ವರ ಗದ್ದೆಯ ದೊಡ್ಡ ಕಪ್ಪೆ: ಒದ್ದೆ ಮೈ, ಹಿಂಗಾಲಿನ ಬೆರಳುಗಳ ನಡುವೆ ಜಾಲ. ವಧು ನೆಲಗಪ್ಪೆ: ಒಣಗಿದ ಗಂಟುಗಂಟು ಚರ್ಮ, ಕಣ್ಣಿನ ಹಿಂದೆ ಉಬ್ಬಿದ ವಿಷದ ಗ್ರಂಥಿ. ಅದರ ಮೇಲೆಯೇ ಅರಿಶಿನ ಹಚ್ಚಿದ್ದರು.

ಪುರೋಹಿತರು ಎತ್ತಿದಾಗಲೆಲ್ಲ ವಧು ಗಂಟಲು ಹರಿಯುವಂತೆ ಕೂಗುತ್ತಿತ್ತು. "ಪಾಪ, ತವರು ನೆನೆದು ಅಳುತ್ತಿದೆ" ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೆಲಗಪ್ಪೆಗಳಲ್ಲಿ ಹಿಡಿದಾಗ ಹಾಗೆ 'ಬಿಡು, ಬಿಡು' ಎಂದು ಕೂಗುವುದು ಸಾಮಾನ್ಯವಾಗಿ ಗಂಡು. ಬೇರೊಂದು ಗಂಡು ತನ್ನನ್ನು ಹೆಣ್ಣೆಂದು ತಪ್ಪು ತಿಳಿದು ಹಿಡಿದಾಗ ಹಾಕುವ ಕೂಗು ಅದು. ಈ ಮಾತನ್ನು ಮುಹೂರ್ತದ ಹೊತ್ತಿನಲ್ಲಿ ಹೇಗೆ ಹೇಳುವುದು? ಪುರೋಹಿತರ ಕಿವಿಯಲ್ಲಿ ಸುತ್ತು ಬಳಸಿ ಶುರು ಮಾಡಿದೆ.

"ಸ್ವಾಮಿ, ಇವೆರಡರ ಜಾತಿಯೇ ಬೇರೆ."

"ಗಣ?"

"ಗಣ ಒಂದೇ. ಬಾಲವಿಲ್ಲದ ಉಭಯಚರಗಳ ಗಣ."

"ಹಾಗಾದರೆ ಗಣಕೂಟ ಸರಿ ಇದೆ."

"ಕುಟುಂಬ ಬೇರೆ."

"ಬೇರೆಯೇ ಇರಬೇಕಲ್ಲ ಮೇಷ್ಟ್ರೇ. ಒಂದೇ ಕುಟುಂಬದಿಂದ ಯಾರಾದರೂ ಹೆಣ್ಣು ತರುತ್ತಾರೆಯೇ?"

ನಾನು ಬಾಯಿ ಮುಚ್ಚಿದೆ. ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮಕ್ಕಳಿಗೆ ಉರು ಹೊಡೆಸಿದ ಪದಗಳನ್ನು ಯಾರು ಕಟ್ಟಿದರೋ, ಅವರು ಜೋಯಿಸರ ಜಗುಲಿಯಲ್ಲೇ ಕೂತು ಕಟ್ಟಿರಬೇಕು. 'ವರ್ಗ' ಎಂದರೆ ಪಕ್ಕದ ಕುರ್ಚಿಯವರು "2ಎಯೋ 3ಎಯೋ" ಎಂದು ಕೇಳಿದರು.

ಈ ಕಪ್ಪೆ ಮದುವೆ ಮಾಡಿಸುತ್ತಿದ್ದ ಊರ ಯಜಮಾನರು ತಮ್ಮ ಮಗಳ ಮದುವೆಗೆ ಒಳಪಂಗಡದೊಳಗಿನ ಒಳಪಂಗಡ ಹುಡುಕಿ ಮೂರು ಜೊತೆ ಚಪ್ಪಲಿ ಸವೆಸಿದವರು. ಅವರ ಸೂಕ್ಷ್ಮಕ್ಕೆ ಸಾಟಿಯಾಗಬಲ್ಲವರು ಕಪ್ಪೆಗಳ ವರ್ಗೀಕರಣ ಮಾಡುವ ವಿಜ್ಞಾನಿಗಳು ಮಾತ್ರ. ಅವರೂ ಮೂತಿಯಿಂದ ಗುದದವರೆಗೆ ಅಳೆಯುತ್ತಾರೆ, ಕಣ್ಣಿನ ಪಾಪೆಯ ಆಕಾರ ನೋಡುತ್ತಾರೆ, ಬೆರಳಿನ ತುದಿ ನೋಡುತ್ತಾರೆ, ಸಾಲದೆ ಹೋದರೆ ಡಿಎನ್‌ಎ ತೆಗೆದು ಏಳು ತಲೆಮಾರಲ್ಲ, ಏಳು ಲಕ್ಷ ತಲೆಮಾರು ಜಾಲಾಡುತ್ತಾರೆ. ವರದಕ್ಷಿಣೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕಾವೇರಿಯ ತವರಿನ ಕಪ್ಪೆಯನ್ನೇ ನೋಡಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ನಾಲ್ಕು ವರ್ಷವಾಗಿದ್ದ 1920ರಲ್ಲಿ, ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಸಿ. ಆರ್. ನಾರಾಯಣರಾಯರು ಕೊಡಗಿನ ಒಂದು ಇರುಳುಗಪ್ಪೆಗೆ ನಾಮಕರಣ ಮಾಡಿದರು: ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಾಲುಸ್ಟ್ರಿಸ್. ಪವಿತ್ರ ಜೌಗಿನ ಕಪ್ಪೆ ಎಂದು ಅರ್ಥ. ಇಷ್ಟು ಮಡಿಯ ಹೆಸರಿದ್ದರೂ ಅದನ್ನು ಯಾರೂ ಮಾತಾಡಿಸಲಿಲ್ಲ. ರಾಯರು ಸಾಕ್ಷಿಗೆಂದು ಇಟ್ಟಿದ್ದ ಮಾದರಿಗಳೂ ಕಳೆದುಹೋದವು. ಕಡತ ಕಳೆಯದೆ ಈ ನಾಡಿನಲ್ಲಿ ಯಾವ ಜಾತಿಯ ತಕರಾರು ತಾನೇ ಮುಗಿದಿದೆ? 91 ವರ್ಷದ ಮೇಲೆ, 2011ರಲ್ಲಿ, ಕಪ್ಪೆ ವಿಜ್ಞಾನಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಅದನ್ನು ಮತ್ತೆ ಪತ್ತೆ ಹಚ್ಚಿ, ಜೊತೆಗೆ ಅದರ 12 ಹೊಸ ದಾಯಾದಿಗಳನ್ನೂ ಲೋಕಕ್ಕೆ ತೋರಿಸಿದರು. ಅಷ್ಟು ವರ್ಷವೂ ನಾವು ಅದರ ತವರಿನ ನೀರನ್ನೇ ಕುಡಿದು, ಕಟ್ಟೆ 124.80 ಅಡಿ ತುಂಬಿದಾಗ ಬಾಗಿನ ಬಿಟ್ಟು, ತುಂಬದಿದ್ದಾಗ ಯಾವುದೋ ಮೋರಿಯ ಕಪ್ಪೆಗೆ ತಾಳಿ ಕಟ್ಟುತ್ತಿದ್ದೆವು.

ಈ ಕಥೆ ಹೇಳಿ ತಪ್ಪು ಮಾಡಿದೆ. ಯಜಮಾನರ ಕಣ್ಣು ಅರಳಿತು. "ಕಾವೇರಮ್ಮನ ಮನೆಯ ಕಪ್ಪೆಯೇ? ಬರುವ ವರ್ಷ ಒಂದು ಜೊತೆ ಹಿಡಿಸಿ ತರೋಣ ಮೇಷ್ಟ್ರೇ. ಎರಡು ಟೆಂಪೊ ಸಾಕೇ?"

ಹೌಹಾರಿದೆ. ಅವನ್ನು ಉಳಿಸಲು ಬೇರೆ ದಾರಿ ಕಾಣದೆ ಆ ಕುಲದ ಮರ್ಯಾದೆಯನ್ನೇ ತೆಗೆದೆ. "ಯಜಮಾನರೇ, ಆ ಕುಲಕ್ಕೆ ಸಂಸ್ಕಾರ ಸಾಲದು. ಬಾಂಬೆ ಇರುಳುಗಪ್ಪೆ ಎಂಬ ನೆಂಟ ಒಬ್ಬನಿದ್ದಾನೆ. ಬೇರೆ ಕಪ್ಪೆಗಳು ಹೆಣ್ಣನ್ನು ಬಿಗಿಯಾಗಿ ಹಿಡಿದರೆ, ಇವನು ಹಿಡಿಯುವುದೇ ಇಲ್ಲ. ಬೆನ್ನ ಮೇಲೆ ಕೆಲಸ ಮುಗಿಸಿ, ಹೆಣ್ಣು ಮೊಟ್ಟೆ ಇಡುವ ಮೊದಲೇ ಇಳಿದು ಹೋಗುತ್ತಾನೆ. 2016ರಲ್ಲಿ ವಿಜ್ಞಾನಿಗಳು ನೋಡಿ ಬರೆದಿದ್ದಾರೆ."

"ಪಾಣಿಗ್ರಹಣವೇ ಇಲ್ಲವೇ?" ಪುರೋಹಿತರು ಕೈಯಲ್ಲಿದ್ದ ವಧುವನ್ನು ಕೆಳಗಿಟ್ಟರು.

"ಒಳ್ಳೆಯವರೂ ಇದ್ದಾರೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿ ಒಂದು ಇರುಳುಗಪ್ಪೆ ಇದೆ. ಗಂಡು ತನ್ನ ಕೈಯಿಂದಲೇ ಮೊಟ್ಟೆಗೆ ಮಣ್ಣು ಮೆತ್ತುತ್ತದೆ. ಅದಕ್ಕೇ 2014ರಲ್ಲಿ 'ಕುಂಬಾರ' ಎಂದು ಹೆಸರಿಟ್ಟರು."

"ಜಾತಿ ಪ್ರಮಾಣಪತ್ರ ಇದೆಯೇ?"

"ಇದೆ. ಝೂಟ್ಯಾಕ್ಸಾ ಎಂಬ ವಿಜ್ಞಾನ ಪತ್ರಿಕೆ ಕೊಟ್ಟಿದೆ."

"ತಹಶೀಲ್ದಾರರ ಸಹಿ ಇಲ್ಲದಿದ್ದರೆ ನಡೆಯುವುದಿಲ್ಲ" ಎಂದು ಯಜಮಾನರು ತಲೆಯಾಡಿಸಿದರು. ಜೀವಮಾನದಲ್ಲಿ ಮೊದಲ ಬಾರಿಗೆ ತಹಶೀಲ್ದಾರರ ಸಹಿಯ ಮೇಲೆ ನನಗೆ ಪ್ರೀತಿ ಹುಟ್ಟಿತು. ಕತ್ತಲೆಕಾನಿನ ಒಂದು ತೊರೆ ಅದರಿಂದ ಬಚಾವಾಯಿತು.

ವಾಲಗ ಊದಿತು, ತಾಳಿ ಬಿತ್ತು. 2019ರಲ್ಲಿ ಭೋಪಾಲದವರು ಹೀಗೆಯೇ ಜುಲೈನಲ್ಲಿ ಮದುವೆ ಮಾಡಿ, ಮಳೆ ಅತಿಯಾಯಿತೆಂದು ಸೆಪ್ಟೆಂಬರಿನಲ್ಲಿ ವಿಚ್ಛೇದನವನ್ನೂ ಕೊಡಿಸಿದ್ದರು. ನಮ್ಮವರು ಅಷ್ಟು ದೂರ ಯೋಚಿಸಿರಲಿಲ್ಲ. ವಧೂವರರನ್ನು ಕೆರೆಗೆ ಬಿಡಲು ಮೆರವಣಿಗೆ ಹೊರಟ ಮೇಲೆ, ಕೆರೆ ಇದ್ದಲ್ಲಿ ನಿವೇಶನದ ಕಲ್ಲು ನೆಟ್ಟಿರುವುದು ನೆನಪಾಯಿತು. ಯಜಮಾನರಿಗೆ ಮೊದಲೇ ನೆನಪಿರಬೇಕಿತ್ತು. ಎರಡು ನಿವೇಶನ ಅವರದೇ. ಕೊನೆಗೆ ಶಾಮಿಯಾನದ ಹಿಂದಿನ ಚರಂಡಿಯಲ್ಲಿ ಬಿಟ್ಟರು. ವರ ಪೂರ್ವಕ್ಕೆ ನೆಗೆದ, ವಧು ಪಶ್ಚಿಮಕ್ಕೆ.

ಊಟ ಮುಗಿಸಿ ಹೊರಡುವಾಗ ಮುಯ್ಯಿ ಬರೆಯುವ ಹುಡುಗ ಪುಸ್ತಕ ತೆರೆದು ಕೇಳಿದ: "ಮೇಷ್ಟ್ರೇ, ಗಂಡಿನ ಕಡೆಗೆ ಬರೆಯಲೋ, ಹೆಣ್ಣಿನ ಕಡೆಗೆ ಬರೆಯಲೋ?"

"ಗಂಡಿನ ಕಡೆಗೆ" ಎಂದೆ. "ಯಾವ ಪುಟದಲ್ಲಿ ಬೇಕಾದರೂ ಬರೆದುಕೊಳ್ಳಪ್ಪ."