ತಿಥಿ ವಡೆಯ ವಿಳಾಸ

ನಮ್ಮ ಮನೆಯಲ್ಲಿ ಹಬ್ಬಕ್ಕೆ ಆಂಬೊಡೆ, ತಿಥಿಗೆ ಉದ್ದಿನ ವಡೆ. ಇದು ಅದಲುಬದಲಾಗುವ ಹಾಗಿಲ್ಲ. ಅಜ್ಜಿ ಇದ್ದಾಗ ಒಮ್ಮೆ ಗಾಂಧಿಬಜಾರಿನಲ್ಲಿ ಜನ ಹೋಟೆಲ್ ಮುಂದೆ ನಿಂತು ಇಡ್ಲಿ-ವಡೆ ತಿನ್ನುವುದನ್ನು ನೋಡಿ, ‘ಇವತ್ತು ಇವರೆಲ್ಲರ ಮನೇಲೂ ತಿಥೀನಾ?’ ಎಂದು ಕೇಳಿದ್ದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಬೆಂಗಳೂರು ಬೆಳಿಗ್ಗೆ ಎದ್ದು ಸಾಂಬಾರಿನಲ್ಲಿ ಮುಳುಗಿಸಿ ತಿನ್ನುವ ಪದಾರ್ಥ ಅವಳ ಲೆಕ್ಕದಲ್ಲಿ ಪಿತೃಗಳ ಪಾಲು.

ಅಪ್ಪ ಹೋಗಿ 11 ವರ್ಷವಾಯಿತು. ಮೊನ್ನೆ ತಿಥಿಯ ದಿನ ಅಮ್ಮ ಮಡಿಯಲ್ಲಿ ಉದ್ದು ನೆನೆಸಿಟ್ಟಳು. ನಾನು ಎಳ್ಳು, ದರ್ಭೆ, ಬಾಳೆಲೆ ಹೊಂದಿಸುತ್ತಾ ಸುಮ್ನೆ ಒಂದು ಲೆಕ್ಕ ಹಾಕಿದೆ. ಅಪ್ಪ ತಡಮಾಡದೆ ಮತ್ತೆ ಹುಟ್ಟಿದ್ದರೆ ಈಗ ಐದನೇ ಕ್ಲಾಸು. ಮಗ್ಗಿ ತಪ್ಪಿದರೆ ನನ್ನ ಕಿವಿ ಹಿಂಡುತ್ತಿದ್ದ ಮನುಷ್ಯ ಈಗ ಎಲ್ಲೋ ಕೂತು ಹದಿನೇಳರ ಮಗ್ಗಿ ಉರುಹೊಡೆಯುತ್ತಿರಬೇಕು. ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಅಪ್ಪ ಅಲ್ಲಿ ಟಿಫಿನ್ ಬಾಕ್ಸ್ ಬಿಚ್ಚಿ ತಿನ್ನುತ್ತಿದ್ದರೆ, ಇಲ್ಲಿ ಎಲೆ ಮೇಲೆ ಬಡಿಸುವ ವಡೆ ಯಾರಿಗೆ?

ಪುರೋಹಿತರನ್ನೇ ಕೇಳಿದೆ. ಅವರಿಗೆ ಇನ್ನೂ ಒಂದು ಮನೆಗೆ ಹೋಗುವುದಿತ್ತು. ಆದರೂ ಬೇಸರಪಡಲಿಲ್ಲ. ‘ಹೆಸರು, ಗೋತ್ರ ಹೇಳಿ ಕೊಟ್ಟರೆ ಮುಗೀತು. ಅವರು ದೇವತೆ ಆಗಿದ್ದರೆ ಅಮೃತವಾಗಿ ಸಿಗುತ್ತೆ. ಹಸು ಆಗಿದ್ದರೆ ಹುಲ್ಲಾಗಿ, ಹಾವಾಗಿದ್ದರೆ ಗಾಳಿಯಾಗಿ. ಮನುಷ್ಯರಾಗಿದ್ದರೆ ಅನ್ನವಾಗಿಯೇ. ಪುರಾಣದಲ್ಲೇ ಇದೆ’ ಎಂದರು. ದಕ್ಷಿಣೆಗೆ ಅವರ ಫೋನ್ ನಂಬರ್ ಒತ್ತುವಾಗ ನನಗೆ ಈ ಮಾತು ಸರಿಯೆನಿಸಿತು. ಅವರು ಬ್ಯಾಂಕ್ ಬದಲಾಯಿಸಿದ್ದರೂ ನಂಬರ್ ಸರಿಯಿದ್ದರೆ ದುಡ್ಡು ಹೋಗಿ ಮುಟ್ಟುತ್ತದೆ. ಯಾವ ಬ್ರ್ಯಾಂಚು ಅಂತ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗೋತ್ರವೂ ಅಂಥದ್ದೇ ಒಂದು ನಂಬರ್ ಇರಬೇಕು.

ಈ ಪ್ರಶ್ನೆ ಮೊದಲು ಹೊಳೆದದ್ದು ನನಗೇನಲ್ಲ. ಪರಲೋಕವನ್ನೇ ನಂಬದ ಚಾರ್ವಾಕರು ಇದನ್ನು ಕೇಳಿ ಎಷ್ಟೋ ಕಾಲವಾಯಿತು. 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’ದಲ್ಲಿ ಅವರ ವಾದ ಸಿಗುತ್ತದೆ. ಸತ್ತವರಿಗೆ ಶ್ರಾದ್ಧದ ಊಟ ಮುಟ್ಟುವುದಾದರೆ, ಪ್ರಯಾಣ ಹೊರಟವನಿಗೆ ಬುತ್ತಿ ಯಾಕೆ ಕಟ್ಟಬೇಕು? ಸ್ವರ್ಗದವರೆಗೆ ತಲುಪುವ ಊಟ, ಮಹಡಿ ಮೇಲೆ ಕೂತವರಿಗೆ ಕೆಳಗಿನಿಂದಲೇ ಯಾಕೆ ತಲುಪುವುದಿಲ್ಲ? ನಾವಿರುವುದು ನಾಲ್ಕನೇ ಮಹಡಿ. ಲಿಫ್ಟ್ ಕೆಟ್ಟ ದಿನ ಗ್ಯಾಸ್ ಸಿಲಿಂಡರ್ ತರುವ ಹುಡುಗನೂ ಮುಖದಲ್ಲೇ ಈ ವಾದ ಹೂಡುತ್ತಾನೆ.

ಆತ್ಮದ ವಿಷಯ ಬಂದರೆ ಎಲ್ಲರೂ ಗೀತೆಯ ಹಳೇ ಬಟ್ಟೆಯ ಮಾತನ್ನೇ ಹೇಳುತ್ತಾರೆ. ಹರಿದ ಬಟ್ಟೆ ಬಿಟ್ಟು ಹೊಸದು ತೊಟ್ಟ ಹಾಗೆ, ಆತ್ಮ ಹಳೇ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತದೆ ಎಂದು. ಮಾತು ದೊಡ್ಡದೇ. ಆದರೆ ಅಪ್ಪನಿಗೆ ಹೊಂದುವುದಿಲ್ಲ. ಅವನು ಹಳೇ ಬಟ್ಟೆ ಬಿಡುವ ಪೈಕಿಯೇ ಅಲ್ಲ. ಅವನ ಬನಿಯನ್ನು ಮೊದಲು ಸ್ಕೂಟರ್ ಒರೆಸುವ ಬಟ್ಟೆ, ಆಮೇಲೆ ಒಲೆ ಕಟ್ಟೆಯ ಮಸಿಬಟ್ಟೆ, ಕೊನೆಗೆ ಬಚ್ಚಲ ಕಿಂಡಿಗೆ ತುರುಕುವ ಚಿಂದಿ. ನಮ್ಮ ಮನೆಯಲ್ಲಿ ಮರುಜನ್ಮ ಎತ್ತುತ್ತಿದ್ದದ್ದು ಬಟ್ಟೆ.

ಇನ್ನು ಈ ಆತ್ಮ ಎಷ್ಟು ದೊಡ್ಡದು ಅಂತ ನೋಡಲು ಹೋದರೆ ಜಗಳ. ಕಠ ಉಪನಿಷತ್ತು ಹೆಬ್ಬೆರಳಿನಷ್ಟು ಅನ್ನುತ್ತದೆ. ಶ್ವೇತಾಶ್ವತರವು ಕೂದಲ ತುದಿಯನ್ನು ನೂರು ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ನೂರು ಮಾಡಿದರೆ ಎಷ್ಟೋ ಅಷ್ಟು ಅನ್ನುತ್ತದೆ. ರಾಮಾನುಜರು, ಮಧ್ವರು ಇಬ್ಬರಿಗೂ ಜೀವ ಅಣು. ಶಂಕರರಿಗೆ ಆತ್ಮ ಎಲ್ಲ ಕಡೆಯೂ ತುಂಬಿರುವುದು. ಜೈನರಲ್ಲಿ ಆನೆಯೊಳಗೆ ಆನೆಯಷ್ಟು, ಇರುವೆಯೊಳಗೆ ಇರುವೆಯಷ್ಟು. ನಮ್ಮ ಪಕ್ಕದ ಮನೆಯವರು ಲಿಂಗಾಯತರು. ಅವರನ್ನು ಕೇಳಿದರೆ, ‘ನಮ್ಮವರು ಲಿಂಗೈಕ್ಯರಾದರು. ಮತ್ತೆ ಹುಟ್ಟೋ ತಾಪತ್ರಯ ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮನೆ ವಡೆ ಮಾತ್ರ ಚೆನ್ನಾಗಿದೆ ಅಂತ ತಿನ್ನುತ್ತಾರೆ.

ಕಾಗೆಯದೇ ಕಷ್ಟ. ಬಾಲ್ಕನಿಗೆಲ್ಲ ಪಾರಿವಾಳದ ಕಾಟಕ್ಕೆ ಬಲೆ ಹೊಡೆಸಿದ್ದಾರೆ. ಟೆರೇಸಿಗೆ ಹೋದರೆ ‘ಪಕ್ಷಿಗಳಿಗೆ ಆಹಾರ ಹಾಕಬಾರದು’ ಎಂಬ ಬೋರ್ಡು. ಆ ಬೋರ್ಡಿನ ಹಿಂದೆಯೇ ಎಲೆ ಇಟ್ಟು ಕಾದೆ. ಮೇಲೆ ಎರಡು ಹದ್ದು ಸುತ್ತುತ್ತಿದ್ದವು. ಕಾಗೆ ಇಲ್ಲ. ಕಾ ಕಾ ಅಂತ ಕೂಗಿದೆ. ಬಟ್ಟೆ ಒಣಹಾಕಲು ಬಂದವರು ನನ್ನನ್ನೊಮ್ಮೆ ನೋಡಿ ಬಕೆಟ್ ಸಮೇತ ವಾಪಸ್ ಹೋದರು. ಅಷ್ಟರಲ್ಲಿ ಅಳಿಲೊಂದು ಬಂದು ವಡೆಯ ತೂತಿಗೆ ಮುಖ ಹಾಕಿ ಅದನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋಯಿತು. ಕೆಳಗೆ ಬಂದಾಗ ಅಮ್ಮ, ‘ಮುಟ್ತಾ?’ ಎಂದಳು. ‘ಮುಟ್ತು’ ಎಂದೆ. ಯಾರು ಮುಟ್ಟಿದರು ಅಂತ ಅವಳು ಕೇಳಲಿಲ್ಲವಲ್ಲ.

ಸಂಜೆ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಅಪ್ಪನ ಕಪಾಟಿನಲ್ಲಿದ್ದ ಛಾಂದೋಗ್ಯ ಉಪನಿಷತ್ತು ತೆಗೆದೆ. ಐದನೇ ಅಧ್ಯಾಯದಲ್ಲಿ ಸತ್ತವರು ಹೋಗಿ ಬರುವ ದಾರಿಯ ವಿವರ ಇದೆ. ನಮ್ಮ ಬಸ್ಸುಗಳ ಬೋರ್ಡಿನಲ್ಲಿ ‘ಮಾರ್ಗ’ ಅಂತ ಬರೆದಿರುತ್ತದಲ್ಲ, ಹಾಗೆ ಸ್ಟಾಪ್ ಸ್ಟಾಪೂ ಹೇಳುತ್ತದೆ. ಊರಿನಲ್ಲಿದ್ದು ಯಜ್ಞ, ಕೆರೆ-ಬಾವಿ, ದಾನ ಅಂತ ಬದುಕಿದವರು ಮೊದಲು ಹೊಗೆ ಸೇರುತ್ತಾರೆ. ಅಲ್ಲಿಂದ ರಾತ್ರಿ, ಕೃಷ್ಣಪಕ್ಷ, ದಕ್ಷಿಣಾಯನದ ಆರು ತಿಂಗಳು, ಪಿತೃಲೋಕ, ಆಕಾಶ, ಕೊನೆಗೆ ಚಂದ್ರ. ಪುಣ್ಯ ಇರುವಷ್ಟು ದಿನ ಅಲ್ಲಿ ವಾಸ. ಖರ್ಚಾದ ಮೇಲೆ ವಾಪಸ್. ಆಕಾಶ, ಗಾಳಿ, ಹೊಗೆ, ಮಂಜು, ಮೋಡ, ಮಳೆ.

ಜ್ಞಾನಿಗಳಿಗೆ ಬೇರೆ ದಾರಿ, ಅದರಲ್ಲಿ ಹೋದವರು ವಾಪಸ್ ಬರುವುದಿಲ್ಲ. ಈ ಎರಡು ದಾರಿಯೂ ಸಿಗದವರಿಗೆ ಮೂರನೆಯದೊಂದಿದೆ. ಅವರು ಸಣ್ಣ ಸಣ್ಣ ಜಂತುಗಳಾಗಿ ಹುಟ್ಟು, ಸಾಯಿ, ಹುಟ್ಟು, ಸಾಯಿ ಎಂದು ಸುತ್ತುತ್ತಿರುತ್ತಾರೆ. ಕೆರೆ ಕಟ್ಟಿಸಿದವರು ಚಂದ್ರನಿಗೆ ಹೋದರೆ ಕೆರೆ ಮುಚ್ಚಿದವರು ಎಲ್ಲಿಗೆ? ಉಪನಿಷತ್ತು ಬಾಯಿಬಿಟ್ಟು ಹೇಳಿಲ್ಲ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಅಲ್ಲಿ ಸಂಜೆ ಕಿವಿ ಹತ್ತಿರ ಗುಂಯ್‌ಗುಡುವ ಸೊಳ್ಳೆಗಳನ್ನು ನಾನು ಇನ್ನು ಮೇಲೆ ಬೇರೆ ರೀತಿ ನೋಡುತ್ತೇನೆ.

ಮಳೆಯ ಜೊತೆ ಇಳಿದ ಜೀವ ಮುಂದೆ ಏನಾಗುತ್ತದೆ? ಅಕ್ಕಿಯ ಪೈರು, ಜವೆ, ಗಿಡ, ಮರ, ಎಳ್ಳು, ಉದ್ದು. ಅಲ್ಲಿ ನನ್ನ ಬೆರಳು ನಿಂತುಬಿಟ್ಟಿತು. ಎಳ್ಳು, ಉದ್ದು! ಬೆಳಿಗ್ಗೆಯಿಂದ ನಾನು ಅಪ್ಪನಿಗೆ ಕಳಿಸುತ್ತಿದ್ದದ್ದೂ ಅದನ್ನೇ. ಅವನು ಬರಬಹುದಾದ ಬಸ್ಸಿನಲ್ಲೇ ಅವನಿಗೆ ಬುತ್ತಿ ಕಳಿಸಿದ ಹಾಗಾಯಿತು, ಅಲ್ವಾ? ಅಕ್ಕಿ ಮತ್ತು ಉದ್ದು ಅಂದಮೇಲೆ ಇನ್ನೇನು ಹೇಳುವುದು. ಈ ಊರಿನ ಒಂದೊಂದು ಅಡುಗೆಮನೆಯಲ್ಲೂ ರಾತ್ರಿ ಉಬ್ಬುತ್ತಿರುವ ದೋಸೆ ಹಿಟ್ಟು ಅದೇ.

ಅಲ್ಲಿಂದ ಹೊರಬೀಳುವುದು ಬಲು ಕಷ್ಟ ಎಂದೂ ಉಪನಿಷತ್ತು ಹೇಳುತ್ತದೆ. ಆ ಕಾಳನ್ನು ಯಾರೋ ತಿನ್ನಬೇಕು, ಅವರಿಗೆ ಮಗು ಆಗಬೇಕು. ಬ್ರಹ್ಮಚಾರಿಯೋ ಮಗುವೋ ಮುದುಕರೋ ತಿಂದರೆ ಆ ಸಲ ತಪ್ಪಿದ ಹಾಗೆ ಎಂದು ಶಂಕರರ ಭಾಷ್ಯ. ಬೆಂಗಳೂರಿನ ಪಿಜಿಗಳಲ್ಲಿ ಬ್ಯಾಚುಲರ್‌ಗಳು ದಿನಾ ಖಾಲಿ ಮಾಡುವ ದೋಸೆಗಳನ್ನು ನೆನೆದು ನನಗೆ ಗಾಬರಿಯಾಯಿತು. ಮತ್ತೆ ಗ್ರೈಂಡರ್ ಬೇರೆ. ಅದರ ಕಲ್ಲಿನ ಕೆಳಗೆ ಯಾರಿರುತ್ತಾರೋ! ಪುಣ್ಯಕ್ಕೆ ಬ್ರಹ್ಮಸೂತ್ರ ಇದಕ್ಕೂ ಉತ್ತರ ಕೊಟ್ಟಿದೆ. ಇಳಿದು ಬಂದ ಜೀವ ಆ ಕಾಳೇ ಆಗಿ ಹುಟ್ಟುವುದಿಲ್ಲವಂತೆ, ಸುಮ್ನೆ ತಗುಲಿಕೊಂಡಿರುತ್ತದಂತೆ. ಕುಟ್ಟಿದರೂ ಬೇಯಿಸಿದರೂ ನೋವಿಲ್ಲ. ಬಾಡಿಗೆದಾರನೂ ಅಲ್ಲ, ಪಿಜಿಯವನು.

ಪಶ್ಚಿಮವಾಹಿನಿಯಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗುವ ಕಡೆ ಅಪ್ಪನ ಬೂದಿ ಬಿಟ್ಟು ಬರುವಾಗ, ‘ಇನ್ನು ಇವರು ಎಲ್ಲೋ’ ಎಂದಿದ್ದಳು ಅಮ್ಮ. ಉಪನಿಷತ್ತು ಓದಿದ್ದನ್ನು ಅವಳಿಗೆ ಹೇಳಿದೆ. ಕೇಳಿದಳು. ‘ಅವರು ಉದ್ದಿನೊಳಗೆ ಸುಮ್ನೆ ಇರ್ತಾರಾ, ನೆನೆಸಿದ್ದು ಜಾಸ್ತಿ ಆಯ್ತು ಅಂತ ಒಳಗಿಂದಲೇ ಹೇಳ್ತಾರೆ’ ಎಂದಳು.

ಅದಾಗಿ ನಾಲ್ಕು ದಿನಕ್ಕೆ ದೋಸೆಗೆ ನೆನೆಹಾಕಿದಳು. ಉದ್ದು ತೊಳೆಯುವಾಗ ಬಿಳಿ ಬೇಳೆಯ ನಡುವೆ ಸಿಪ್ಪೆ ಸಮೇತ ಒಂದು ಕರೀ ಕಾಳು ಸಿಕ್ಕಿತು. ಅವಳು ಯಾವಾಗಲೂ ಅಂಥದ್ದನ್ನು ಸಿಂಕಿಗೆ ಬಿಡುತ್ತಾಳೆ. ಅವತ್ತು ಬೆರಳಲ್ಲಿ ಹಿಡಿದು ಒಂದು ನಿಮಿಷ ನೋಡಿದಳು. ಆಮೇಲೆ ಬಲೆ ಹೊಡೆದ ಬಾಲ್ಕನಿಗೆ ಹೋಗಿ ಕರಿಬೇವಿನ ಕುಂಡಕ್ಕೆ ಹಾಕಿ ಬಂದಳು.

ಈಗ ಅಲ್ಲಿ ಎರಡೆಲೆ ಎದ್ದಿದೆ. ಕರಿಬೇವಿಗೆ ಗೊಬ್ಬರ ಹಾಕುವಾಗ ಕಳೆ ಅಂತ ಕೀಳಲು ಹೋದೆ.

‘ಇರಲಿ ಬಿಡು’ ಎಂದಳು ಅಮ್ಮ, ‘ಜಾಗ ಇದ್ಯಲ್ಲ.’