ಆ ನಾಲ್ಕನೇ ಭಾಗ ಬಿಡಬೇಡಿ

ಬೇರೆ ಪಂಗಡದವರ ಪುಸ್ತಕ ಓದುವುದಾದರೆ ಪೂರ್ತಿ ಓದಬೇಕು. ನಮಗೆ ಒಗ್ಗುವಷ್ಟನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟರೆ ಅವರನ್ನು ಓದಿದ ಹಾಗೆ ಆಗುವುದೇ ಇಲ್ಲ.

ನಾನು ಬೆಳಗಾವಿಯ ಮೆಥೋಡಿಸ್ಟ್. ಪ್ರೊಟೆಸ್ಟಂಟ್ ಕ್ರೈಸ್ತರಲ್ಲಿ ಅದೊಂದು ಪಂಗಡ. ಈಚೆಗೆ ಕಥೋಲಿಕ ಸನ್ಯಾಸಿ ಥಾಮಸ್ ಆ ಕೆಂಪಿಸ್ ಅವರ 'ಇಮಿಟೇಶನ್ ಆಫ್ ಕ್ರೈಸ್ಟ್' ಅನ್ನುವ ನಾಲ್ಕು ಭಾಗದ ಭಕ್ತಿ ಪುಸ್ತಕ ಓದಿ ಮುಗಿಸಿದೆ. ಪುಸ್ತಕ ನೋಡಿ ನಮ್ಮ ಸಭೆಯ ಹಿರಿಯರೊಬ್ಬರು, "ಕಥೋಲಿಕರ ಪುಸ್ತಕ ಯಾಕ್ರೀ ಓದಾಕತ್ತೀರಿ?" ಅಂತ ಕೇಳಿದರು. ಇನ್ನೊಬ್ಬರು, "ಓದ್ರಿ, ಆದ್ರ ನಾಲ್ಕನೇ ಭಾಗ ಬಿಡ್ರಿ" ಅಂದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು.

ಮೊದಲ ಮಾತಿಗೆ ಉತ್ತರ ಸುಲಭ. ನಮ್ಮ ಪಂಗಡವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯವರೇ ಈ ಪುಸ್ತಕವನ್ನು 1735ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್‌ನ ಕೂಟದಲ್ಲಿ ಅವರ ಹೃದಯ ಬೆಚ್ಚಗಾಯಿತು ಅಂತ ನಾವು ಪ್ರತಿವರ್ಷ ನೆನೆಯುತ್ತೇವೆ. ಅಲ್ಲಿ ಆಗ ಓದುತ್ತಿದ್ದದ್ದು ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರರ ಬರಹ. ಲೂಥರರೂ ನಮ್ಮ ಪಂಗಡದವರಲ್ಲ, ಅಲ್ವಾ?

ನಮ್ಮ ಊರಿಗೂ ಈ ಪುಸ್ತಕದ ನಂಟಿದೆ. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದು ರಿಸಾಲ್ದಾರ್ ಗಲ್ಲಿಯ ಭಾಟೆಯವರ ಮನೆಯಲ್ಲಿ ಇಳಿದಿದ್ದರು. ದೇಶ ಸುತ್ತುವಾಗ ಅವರ ಜೊತೆಗಿರುತ್ತಿದ್ದದ್ದು ಗೀತೆ ಮತ್ತು ಇದೇ ಪುಸ್ತಕ. ಇದರ ಸ್ವಲ್ಪ ಭಾಗವನ್ನು ಬಂಗಾಳಿಗೂ ತಂದಿದ್ದರು. ಅವರು ಓದಬಹುದಾದರೆ ಮೆಥೋಡಿಸ್ಟರು ಓದಬಾರದೇ?

ಥಾಮಸ್ ತೀರಿಕೊಂಡದ್ದು 1471ರಲ್ಲಿ. ಲೂಥರ್ ಹುಟ್ಟಿದ್ದು 1483ರಲ್ಲಿ. ಹಾಗಾಗಿ "ಆಗ ಸಭೆ ಒಡೆದೇ ಇರಲಿಲ್ಲ, ಇವರು ನಮ್ಮವರೂ ಹೌದು" ಅನ್ನುವವರಿದ್ದಾರೆ. ನನಗೆ ಆ ಜಾಣ್ಮೆ ಬೇಡ. ಈ ಪುಸ್ತಕದ ಉಸಿರು ಕಥೋಲಿಕ ಮಠದ್ದು. ಅದನ್ನು ಒಪ್ಪಿಕೊಂಡೇ ಓದೋಣ.

ಈಗ ಆ ನಾಲ್ಕನೇ ಭಾಗ. ಅದು ಇಡೀ ಪರಮಪ್ರಸಾದದ ಬಗ್ಗೆ, ಅಂದರೆ ಕ್ರಿಸ್ತನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರದ ಬಗ್ಗೆ. ನಾವು ಅದನ್ನು ಕರ್ತನ ಭೋಜನ ಅನ್ನುತ್ತೇವೆ. ಕೆಲವು ಪ್ರೊಟೆಸ್ಟಂಟ್ ಮುದ್ರಣಗಳಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ದೇಹ, ರಕ್ತವಾಗಿ ಬದಲಾಗುತ್ತವೆ ಅನ್ನುವ ಬೋಧನೆಯನ್ನು ನಮ್ಮ ಮೆಥೋಡಿಸ್ಟ್ ವಿಶ್ವಾಸದ 18ನೇ ವಿಧಿ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಯಾಜಕರು ಬಲಿಪೂಜೆ (ಪರಮಪ್ರಸಾದದ ಆರಾಧನೆ) ಮಾಡಿದರೆ ಸತ್ತವರಿಗೆ ವಿಶ್ರಾಂತಿ ಸಿಗುತ್ತದೆ ಅಂತ ಥಾಮಸ್ ಬರೆಯುತ್ತಾರೆ. ಅದನ್ನು ಓದಿದಾಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಇಲ್ಲ" ಅಂತ ಬರೆದಿದ್ದೇನೆ.

ಆದರೆ ಅದೇ ಭಾಗದ ಮೊದಲ ಅಧ್ಯಾಯದಲ್ಲಿ ಅವರು ಬೈಬಲಿನ ನೋಹನನ್ನು ನೆನೆಯುತ್ತಾರೆ. ಜಲಪ್ರಳಯದಲ್ಲಿ ಕೆಲವೇ ಜನ ಉಳಿಯಲಿ ಅಂತ ನೋಹ ನೂರು ವರ್ಷ ನಾವೆ ಕಟ್ಟಿದ. ಲೋಕವನ್ನೇ ಮಾಡಿದವನನ್ನು ಬರಮಾಡಿಕೊಳ್ಳಲು ನಾನು ಒಂದು ತಾಸಿನಲ್ಲಿ ಹೇಗೆ ಸಿದ್ಧನಾಗಲಿ ಅಂತ ಕೇಳುತ್ತಾರೆ. ಜನ ಸಂತರ ಅವಶೇಷ ನೋಡಲು ಊರೂರು ಅಲೆಯುತ್ತಾರೆ, ನೀನು ಇಲ್ಲೇ ನನ್ನ ಮುಂದೆ ಇದ್ದೀಯಲ್ಲ ಅಂತಲೂ ಕರ್ತನಿಗೆ ಹೇಳುತ್ತಾರೆ. ಕಥೋಲಿಕ ಸನ್ಯಾಸಿಯೊಬ್ಬರು ತಮ್ಮ ಜನಕ್ಕೇ ಹೇಳಿದ ಮಾತಿದು.

ಅದನ್ನು ಓದಿದ ಮೇಲೆ ನಮ್ಮ ಕರ್ತನ ಭೋಜನಕ್ಕೆ ಹೋಗುವ ರೀತಿ ನನಗೆ ಬದಲಾಗಿದೆ. ಈಗ ಹಿಂದಿನ ರಾತ್ರಿಯೇ ಟಿವಿ ಆರಿಸಿ ಕೂರುತ್ತೇನೆ. ಯಾರ ಜೊತೆ ಮಾತು ಬಿಟ್ಟಿದ್ದೇನೋ ಅವರಿಗೆ ಫೋನ್ ಮಾಡುತ್ತೇನೆ. ರವಿವಾರ ಸುಮ್ನೆ ಸಾಲಿನಲ್ಲಿ ನಿಲ್ಲುವುದು ಇನ್ನು ಆಗದು. ನಾಲ್ಕನೇ ಭಾಗ ಬಿಟ್ಟಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ. ಜಾಸ್ತಿ ಭಿನ್ನತೆ ಇರುವ ಜಾಗದಲ್ಲೇ ಜಾಸ್ತಿ ಸಿಕ್ಕಿತು.

ವೆಸ್ಲಿಯವರೂ ಎಲ್ಲದಕ್ಕೂ ತಲೆಯಾಡಿಸಲಿಲ್ಲ. ಕೆಂಪಿಸ್ ತೀರಾ ಬಿಗಿ, ನಾವು ಲೋಕದಲ್ಲಿ ಯಾವಾಗಲೂ ದುಃಖಪಡಲಿ ಅಂತ ದೇವರು ಕಳಿಸಿಲ್ಲ ಅಂತ 1725ರಲ್ಲಿ ತಮ್ಮ ತಾಯಿಗೆ ಕಾಗದ ಬರೆದರು. ಹತ್ತು ವರ್ಷದ ನಂತರ ಅಚ್ಚು ಹಾಕಿಸಿದವರೂ ಅವರೇ.

ನಮ್ಮೂರ ಕ್ಯಾಂಪಿನಲ್ಲಿರುವ ಕಥೋಲಿಕರ ಫಾತಿಮಾ ಕೆಥೆಡ್ರಲ್‌ಗೆ ಹೋಗುವ ಗೆಳೆಯರಲ್ಲಿ ಒಂದು ವಿನಂತಿ. 1749ರಲ್ಲಿ ವೆಸ್ಲಿ ಡಬ್ಲಿನ್ನಿನಿಂದ ಒಬ್ಬ ಕಥೋಲಿಕನಿಗೆ ಅಂತ ಬರೆದ ಕಾಗದವಿದೆ. ಚಿಕ್ಕದು. ನೀವೂ ಪೂರ್ತಿ ಓದಿ. ಒಪ್ಪದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ ತನ್ನಿ, ಕೂತು ಮಾತಾಡೋಣ.